ಮೈಗೋಸ್ ಟ್ರಿಪ್ಲೆಟ್‌ಅನ್ನು ಕನ್ನಡಕ್ಕೆ ಕೂರಿಸಿದ್ದು

"ಮೈಗೋಸ್ ಫ್ಲೋ ಕನ್ನಡದಲ್ಲಿ ಆಗಲ್ಲ ಗುರು, ನಮ್ಮ ಪದಗಳು ಉದ್ದ" ಅಂತ ಹೇಳದವರಿಲ್ಲ. ಮೈಗೋಸ್ ಅಂದರೆ ಅಮೆರಿಕದ ಮೂವರ ರ‍್ಯಾಪ್ ತಂಡ, ಫ್ಲೋ ಅಂದರೆ ಪದಗಳನ್ನು ಬೀಟಿನ ಮೇಲೆ ಕೂರಿಸುವ ರೀತಿ. ಹಾಗೆ ಹೇಳಿದವರೇ ಈಗ ನನ್ನ ಪ್ರಾಜೆಕ್ಟ್ ಫೈಲ್, ಅಂದರೆ ಹಾಡಿನ ಟ್ರ್ಯಾಕ್‌ಗಳೆಲ್ಲ ಬಿಡಿಬಿಡಿಯಾಗಿರುವ ಕಂಪ್ಯೂಟರ್ ಫೈಲ್ ಕೇಳುತ್ತಿದ್ದಾರೆ.

ಆ ಫ್ಲೋ ಅಂದರೆ ಟ್ರಿಪ್ಲೆಟ್, ಒಂದೊಂದು ಬೀಟಿಗೆ ಮೂರು ಅಕ್ಷರ. ಅದು ಮೈಗೋಸ್ ಹುಟ್ಟಿಸಿದ್ದಲ್ಲ. ಅಮೆರಿಕದ ಮೆಂಫಿಸ್‌ನ ರ‍್ಯಾಪರ್ ಲಾರ್ಡ್ ಇನ್‌ಫೇಮಸ್ 90ರ ದಶಕದಲ್ಲೇ ಹಾಗೆ ಹಾಡುತ್ತಿದ್ದ. ಆದರೆ 2013ರಲ್ಲಿ ಮೈಗೋಸ್‌ನ 'ವರ್ಸಾಚೆ' ಹಾಡು ಬಂದು, ರ‍್ಯಾಪರ್ ಡ್ರೇಕ್ ಅದರ ರೀಮಿಕ್ಸ್‌ನಲ್ಲಿ ಅದೇ ಫ್ಲೋ ಹಿಡಿದ ಮೇಲೆ ಎಲ್ಲರ ಬಾಯಿಗೂ ಅದೇ ಹತ್ತಿತು. ತಂಡದ ಕ್ವೇವೊ, ಆಫ್‌ಸೆಟ್, ಟೇಕಾಫ್ ಮೂವರಲ್ಲಿ ನಾನು ಕದ್ದಿದ್ದು ಹೆಚ್ಚಾಗಿ ಟೇಕಾಫ್‌ನಿಂದ. ಅವನ ಉಸಿರು ಎಲ್ಲಿ ಬೀಳುತ್ತದೆ ಅಂತ ಕೇಳಿ ನೋಡಿ.

140 ಬಿಪಿಎಂಗೆ, ಅಂದರೆ ನಿಮಿಷಕ್ಕೆ 140 ಬೀಟ್ ಇದ್ದಾಗ, ಬೀಟಿಗೆ ಮೂರು ಅಕ್ಷರ, ನಾಲ್ಕು ಬೀಟಿನ ಒಂದು ಬಾರ್‌ಗೆ ಹನ್ನೆರಡು. ಮೊದಲು ದೀರ್ಘಾಕ್ಷರ ತುಂಬಿ ಬರೆಯುತ್ತಿದ್ದೆ, ಎಲ್ಲವೂ ಬೀಟಿನ ಹಿಂದೆ ಜೋತು ಬೀಳುತ್ತಿತ್ತು. ಗಂಟೆಗೆ ಐನೂರು ಆರುನೂರು ಕೊಟ್ಟು ಸ್ಟುಡಿಯೋದಲ್ಲಿ ಒಂದೊಂದೇ ಸಾಲು ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ ಸೇರಿಸುತ್ತಾ (ಪಂಚ್-ಇನ್) ಸುಮಾರು ಇಪ್ಪತ್ತು ಸಾವಿರ ಸುಟ್ಟೆ. ಒಂದು ಹಾಡೂ ಹೊರಬರಲಿಲ್ಲ.

ಆಮೇಲೆ ಹನ್ನೆರಡು ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ತಗೊಂಡು ಮನೆಯಲ್ಲೇ ಕೂತೆ. ಮೃದಂಗ ಕಲಿಯುವ ತಂಗಿ "ಇದು ತಿಶ್ರ ಅಲ್ವಾ? ತಕಿಟ ತಕಿಟ" ಅಂದಳು. ತಿಶ್ರ ಅಂದರೆ ಮೂರರ ಎಣಿಕೆಯ ನಡೆ. ಅಲ್ಲಿಗೆ ದಾರಿ ಸಿಕ್ಕಿತು. ಮೂರೂ ಲಘು ಇರುವ ಪದ ಕನ್ನಡದಲ್ಲಿ ರಾಶಿ ಇವೆ. "ಬಿಸಿಲು ಬೆವರು ಹಸಿವು ಕನಸು" ಅನ್ನಿ, ಒಂದು ಬಾರ್ ಮುಗಿಯಿತು! ತೊಂದರೆ ಇರುವುದು ಪ್ರತ್ಯಯದಲ್ಲಿ. 'ಬಿಸಿಲಿನಲ್ಲಿ' ಕೂರಲ್ಲ, ಬೀದಿಯ 'ಬಿಸಿಲಲ್' ಸಲೀಸಾಗಿ ಕೂರುತ್ತದೆ. ಆದರೆ ಇಡೀ ವರ್ಸ್ (ಚರಣ) ಹೀಗೇ ಹೋದರೆ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತದೆ. ಮೂರು ಬಾರ್ ಆದಮೇಲೆ ಒಂದು ಬಾರ್ ಸುಮ್ನೆ ಬೀಟಿಗೆ ಎರಡರಂತೆ ನೇರ ಎಂಟಕ್ಕೆ ಬನ್ನಿ.

ಮಧ್ಯೆ 808ಗೆ, ಅಂದರೆ ಬೀಟಿನ ತಳದಲ್ಲಿ ಗುಡುಗುವ ಎಲೆಕ್ಟ್ರಾನಿಕ್ ಬೇಸ್‌ಗೆ, ಡೊಳ್ಳು ಸೇರಿಸಲು ಹೋದೆ. ಎರಡೂ ತಳದಲ್ಲೇ ಗುದ್ದಾಡಿದವು. ಡೊಳ್ಳಿನ ತಳದ ಸದ್ದು ಕಟ್ ಮಾಡಿದರೆ ಅದು ಡೊಳ್ಳೇ ಅಲ್ಲ. ತಮಟೆಯನ್ನು ಹೈ-ಹ್ಯಾಟ್ ರೋಲ್ (ಸಿಂಬಲ್‌ನ ಬಿರುಸಿನ ಚಿಟಪಟ) ಜಾಗಕ್ಕೆ ಹಾಕಿದಾಗ ಮಾತ್ರ ಮಜಾ ಬಂತು.

ಆ್ಯಡ್‌ಲಿಬ್, ಅಂದರೆ ಸಾಲಿನ ನಡುವೆ ಕೂಗುವ ಸಣ್ಣ ಸಣ್ಣ ಮಾತು, ವರ್ಸ್‌ಗಿಂತ ಜಾಸ್ತಿ ಹೊತ್ತು ಹಿಡಿಯಿತು. ಮೈಗೋಸ್ ಹಾಡಲ್ಲಿ ಅದು ಅಲಂಕಾರ ಅಲ್ಲ, ಸಾಲಿನ ಖಾಲಿ ಜಾಗದಲ್ಲಿ ಕೂರುವ ಇನ್ನೊಂದು ವಾದ್ಯ. ನಾನು 'ಹೌದಪ್ಪ', 'ಏಯ್', 'ಹೂಂ' ಬೇರೆ ಬೇರೆ ಟ್ರ್ಯಾಕಲ್ಲಿ ಹಾಡಿ ಎಡಕ್ಕೂ ಬಲಕ್ಕೂ ಎಸೆಯುತ್ತೇನೆ. ಅದರ ಮೇಲೆ ಸಾಲಾಗಿ ಹಾಕಿರುವ ಎಫೆಕ್ಟ್‌ಗಳು ಯಾವುವು ಅಂತ ಮಾತ್ರ ಕೇಳಬೇಡಿ. ಪ್ರಾಜೆಕ್ಟ್ ಫೈಲ್ ಕೊಟ್ಟರೂ ಆ ಟ್ರ್ಯಾಕನ್ನು ಎಫೆಕ್ಟ್ ಸಮೇತ ಒಂದೇ ಆಡಿಯೋ ಮಾಡಿ (ಬೌನ್ಸ್) ಕೊಡುವುದು.