ಬಿಗಿ ಸುರುಳಿ ಕೂದಲಿಗೆ ಬಾಚಣಿಗೆ ಮಾಡಿದ್ದು ಹೀಗೆ

ನಾನು ಅಟ್ಲಾಂಟಾದಲ್ಲಿ ಪ್ರಾಡಕ್ಟ್ ಡಿಸೈನರ್. ಆಫ್ರಿಕನ್ ಅಮೆರಿಕನ್ನರ ಕೂದಲಿಗೆ ಬೇಕಾದ ಬಾಚಣಿಗೆ, ಡ್ರೈಯರ್ ಮುಂದೆ ಸಿಕ್ಕಿಸುವ ಭಾಗಗಳು, ಇವನ್ನು ಮಾಡುವುದೇ ನನ್ನ ಕೆಲಸ. ಸಿಕ್ಕು ಬಿಡಿಸುವ ಬಾಚಣಿಗೆ ಅಂದರೆ ಹಲ್ಲು ದೂರ ದೂರ ಇಟ್ಟರೆ ಆಯ್ತಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅಷ್ಟೇ ಸಾಲದು.

ಬಿಗಿ ಸುರುಳಿಯ ಕೂದಲೆಳೆ ಗುಂಡಗಿರುವುದಿಲ್ಲ, ಚಪ್ಪಟೆ. ಅದು ತಿರುವು ತೆಗೆದುಕೊಳ್ಳುವ ಕಡೆಯೇ ಬೇಗ ತುಂಡಾಗುತ್ತದೆ. ನೆತ್ತಿಯ ಜಿಡ್ಡು ಅಷ್ಟು ಸುರುಳಿ ದಾಟಿ ತುದಿ ಮುಟ್ಟುವುದು ಕಷ್ಟ, ಹಾಗಾಗಿ ತುದಿ ಯಾವಾಗಲೂ ಒಣಗಿರುತ್ತದೆ. ಒದ್ದೆ ಕೂದಲು ಬಾಚಬೇಡ ಅಂತ ನಮ್ಮ ಮನೆಗಳಲ್ಲಿ ಹೇಳ್ತಾರಲ್ಲ, ಇಲ್ಲಿ ಅದು ಉಲ್ಟಾ. ನೀರು, ಕಂಡಿಷನರ್ ಚೆನ್ನಾಗಿ ಹಚ್ಚಿ, ಕೂದಲನ್ನು ನಾಲ್ಕಾರು ಪಾಲು ಮಾಡಿ, ತುದಿಯಿಂದ ಶುರು ಮಾಡಿ ನಿಧಾನಕ್ಕೆ ಬುಡದ ಕಡೆ ಬರಬೇಕು.

ಅಂದರೆ ಬಾಚಣಿಗೆ ಹಿಡಿಯುವ ಕೈ ಜಾರುತ್ತಿರುತ್ತದೆ. ಹಿಡಿಯನ್ನು ದಪ್ಪ ಮಾಡಿ ನಡುವೆ ಉಬ್ಬು ಕೊಟ್ಟೆವು.

ಜಾಸ್ತಿ ಸಮಯ ಹೋದದ್ದು ಹಲ್ಲಿನ ಮೇಲೆ. ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಅಚ್ಚಿನ ಎರಡು ಅರ್ಧ ಸೇರುವ ಕಡೆ ಸಣ್ಣ ಏಣು ಉಳಿಯುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಪ್ರತಿ ಸಲ ಬಾಚಿದಾಗಲೂ ಕೂದಲಿನ ಮೇಲ್ಪದರವನ್ನು ಕೆರೆಯುತ್ತದೆ. ಇದನ್ನು ಉಜ್ಜಿ ನುಣುಪು ಮಾಡಲು ಖರ್ಚಾಗುತ್ತದೆ, ಅಗ್ಗದ ಬಾಚಣಿಗೆಗಳಲ್ಲಿ ಹಾಗೇ ಬಿಟ್ಟಿರುತ್ತಾರೆ. ನಾವು ಬಿಡಲಿಲ್ಲ. ತೆಳು ನೈಲಾನ್ ಸ್ಟಾಕಿಂಗ್ ಬಟ್ಟೆಯನ್ನು ಹಲ್ಲಿನ ಮೇಲೆ ಎಳೆದು ನೋಡುತ್ತಿದ್ದೆವು, ಒಂದು ದಾರ ಸಿಕ್ಕಿಕೊಂಡರೂ ಮತ್ತೆ ಉಜ್ಜುವುದೇ. ಹಲ್ಲು ಹಲ್ಲಿನ ನಡುವಿನ ಬುಡವೂ ಅಷ್ಟೇ ಮುಖ್ಯ. ಅದು ಚೂಪು ಸಂದಿಯಾದರೆ ಕೂದಲು ಹೋಗಿ ಕಚ್ಚಿಕೊಳ್ಳುತ್ತದೆ, ಅಗಲವಾಗಿ ದುಂಡಗಿರಬೇಕು.

ಪರೀಕ್ಷೆ ಮಾಡಿದ್ದು ಸಲೂನಿನಲ್ಲಿ. ಅಲ್ಲಿನ ಹಿರಿಯ ಹೆಂಗಸು ಬಾಚುವಾಗ ಮಾತೇ ಆಡುವುದಿಲ್ಲ, ಕಿವಿ ಕೊಟ್ಟು ಕೇಳುತ್ತಾರೆ. ಚಟ್ ಅಂತ ಸದ್ದಾದರೆ ಬಾಚಣಿಗೆ ಇಟ್ಟು ಬೆರಳಲ್ಲೇ ಗಂಟು ಬಿಡಿಸುತ್ತಾರೆ. ಅವರು ಹೇಳಿಕೊಟ್ಟಂತೆ, ಹಲ್ಲಿನಲ್ಲಿ ಉಳಿದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡುತ್ತಿದ್ದೆವು. ಒಂದು ತುದಿಯಲ್ಲಿ ಪುಟ್ಟ ಬಿಳಿ ಗಡ್ಡೆ ಇದ್ದರೆ ಅದು ತಾನಾಗೇ ಉದುರಿದ್ದು. ಗಡ್ಡೆ ಇಲ್ಲದ ಮೋಟು ತುಂಡುಗಳು ಜಾಸ್ತಿ ಕಂಡರೆ ಬಾಚಣಿಗೆಯ ದೋಷ. ನನ್ನ ಲೆಕ್ಕದಲ್ಲಿ ಎಳೆತದ ಬಲ ಅಳೆಯುವ ಮೆಷೀನಿಗಿಂತ ಈ ಕಾಗದವೇ ನಂಬಿಕೆಯದು.

ಹಲ್ಲಿನ ಸಾಲನ್ನು ಬಿಚ್ಚಿ ತೊಳೆಯುವಂತೆ ಮಾಡಿದೆವು, ಕಂಡಿಷನರ್ ಮೆತ್ತಿಕೊಂಡರೆ ತೆಗೆಯುವುದು ಸುಲಭ. ಇದು ಹೊಸ ಯೋಚನೆಯೇನಲ್ಲ. ನ್ಯೂಯಾರ್ಕಿನ ಕಪ್ಪು ಮಹಿಳೆ ಲಿಡಾ ನ್ಯೂಮನ್ 1898ರಲ್ಲೇ ಬಿಚ್ಚಿ ತೊಳೆಯಬಹುದಾದ ಹೇರ್ ಬ್ರಷ್‌ಗೆ ಪೇಟೆಂಟ್ ಪಡೆದಿದ್ದರು. ಈ ಕೆಲಸಕ್ಕೆ ಬರುವ ಪ್ರತಿ ಡಿಸೈನರ್ ಆಕೆಯ ಹೆಸರು ತಿಳಿದಿರಬೇಕು ಅಂತ ನನ್ನಾಸೆ.

ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಗೆಳೆಯರು ಇದನ್ನು ಓದುತ್ತಿದ್ದರೆ, ಬಾಚಣಿಗೆ ಕೊಳ್ಳುವ ಮುಂಚೆ ಹಲ್ಲಿನ ಪಕ್ಕ ಉಗುರಿನಿಂದ ಒಮ್ಮೆ ಸವರಿ ನೋಡಿ. ಏಣು ತಾಗಿದರೆ ಬೇಡ, ಬೇರೆಯದು ಕೇಳಿ.