ಜಪಾನೀ ಚಾಕು ಕೊಳ್ಳುವಾಗ ಚಿತ್ತಾರ ಬಿಡಿ, ಅಲಗಿನ ಬಾಯಿ ನೋಡಿ

ದಪ್ಪ ಕ್ಯಾರೆಟ್ ಒಂದನ್ನು ಈಗಿರುವ ಚಾಕುವಿನಿಂದ ಅಡ್ಡಕ್ಕೆ ಹೆಚ್ಚಿ ನೋಡಿ. ಚಾಕು ಅರ್ಧ ಇಳಿಯುವಷ್ಟರಲ್ಲೇ ‘ಟಕ್’ ಎಂದು ಬಿರುಕುಬಿಟ್ಟರೆ ಅದು ಹೆಚ್ಚಿದ್ದಲ್ಲ, ಸೀಳಿದ್ದು. ಬಾಯಿಯ, ಅಂದರೆ ಹರಿತದ ಅಂಚಿನ, ಹಿಂದೆ ಅಲಗು ದಪ್ಪಗಿದೆ, ಬೆಣೆಯ ಹಾಗೆ ತರಕಾರಿಯನ್ನು ಅಗಲಿಸುತ್ತಿದೆ. ಒಳ್ಳೆಯ ಜಪಾನೀ ಚಾಕು ಅದೇ ಕ್ಯಾರೆಟ್ಟಿನಲ್ಲಿ ಸದ್ದಿಲ್ಲದೆ ಮಣೆಯವರೆಗೆ ಇಳಿಯುತ್ತದೆ, ತುಂಡಿನ ಮುಖ ಒದ್ದೆಯಾಗಿ ಹೊಳೆಯುತ್ತದೆ. ದುಡ್ಡು ಕೊಡುವುದು ಈ ತೆಳುವಿಗೆ. ಉಳಿದದ್ದೆಲ್ಲ ಆಮೇಲೆ.

ಅಷ್ಟು ತೆಳುವಾಗಿ ಮಸೆಯಲು ಸಾಧ್ಯವಾಗುವುದು ಉಕ್ಕು ಗಟ್ಟಿಯಾಗಿರುವುದರಿಂದ. ಜರ್ಮನ್ ಚಾಕುಗಳು ಉಕ್ಕಿನ ಗಡಸುತನ ಹೇಳುವ ರಾಕ್‌ವೆಲ್ ಸಿ ಅಳತೆಯಲ್ಲಿ ಸಾಮಾನ್ಯವಾಗಿ 56ರಿಂದ 58 ಇದ್ದರೆ, ಜಪಾನಿನವು 60ರಿಂದ 64ರ ಆಸುಪಾಸು. ಮೆದು ಉಕ್ಕನ್ನು ಒಂದೊಂದು ಬದಿಗೆ 20 ಡಿಗ್ರಿಗಿಂತ ತೀರಾ ಚೂಪಾಗಿ ಮಸೆದರೆ ಅಂಚು ಬೇಗ ಮಡಚಿಕೊಳ್ಳುತ್ತದೆ. ಗಟ್ಟಿ ಉಕ್ಕು 15 ಡಿಗ್ರಿಯಲ್ಲೂ ನೆಟ್ಟಗೆ ನಿಲ್ಲುತ್ತದೆ. ಆದರೆ ಗಟ್ಟಿಯಾದದ್ದು ಬಾಗುವುದಿಲ್ಲ, ಮುಕ್ಕಾಗುತ್ತದೆ. ಈ ಗುಣವನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಮೊದಲು ಆಕಾರ. ದಿನವೂ ಹುಳಿಗೆ, ಪಲ್ಯಕ್ಕೆ ತರಕಾರಿ ಹೆಚ್ಚುವ ಮನೆಗೆ ನಾಕಿರಿ ಚೆನ್ನಾಗಿ ಹೊಂದುತ್ತದೆ. ಆಯತಾಕಾರದ ಅಲಗು, ಉದ್ದ 165 ಮಿ.ಮೀ., ಎತ್ತರ ಸುಮಾರು 50 ಮಿ.ಮೀ. ಬಾಯಿ ಬಹುತೇಕ ನೇರ. ಹಾಗಾಗಿ ಒಂದೇ ಒತ್ತಿಗೆ ಇಡೀ ಅಂಚು ಮಣೆಗೆ ತಾಗಿ, ಸೌತೆಕಾಯಿಯ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಉಳಿಯುವುದಿಲ್ಲ. ಸಾಂತೊಕು ಎಂದರೆ ಮೂರು ಗುಣದ್ದು: ಮಾಂಸ, ಮೀನು, ತರಕಾರಿ ಮೂರಕ್ಕೂ ಆಗುವಂಥದ್ದು, 165ರಿಂದ 180 ಮಿ.ಮೀ. ಗ್ಯೂತೊ ಪಾಶ್ಚಾತ್ಯ ಶೆಫ್ ಚಾಕುವಿನ ಜಪಾನೀ ರೂಪ. ಮೊನೆ ಚೂಪು, ಬಾಯಿಗೆ ಸಣ್ಣ ಬಾಗು. ದೊಡ್ಡ ಎಲೆಕೋಸು, ಕೋಳಿಯ ಎದೆಮಾಂಸ ಎಲ್ಲವೂ ಬೇಕೆಂದರೆ 210 ಮಿ.ಮೀ.ನ ಗ್ಯೂತೊ ಕೊಳ್ಳಿ. 240 ಕೊಳ್ಳುವ ಮುಂಚೆ ನಿಮ್ಮ ಮಣೆಯ ಉದ್ದ ಅಳೆಯಿರಿ.

ಉಸುಬಾ, ಯಾನಾಗಿಬಾ, ದೆಬಾ ಇವು ಒಂದೇ ಬದಿಗೆ ಇಳಿಜಾರು ಇರುವ ಚಾಕುಗಳು. ಮೊದಲ ಚಾಕುವಾಗಿ ಬೇಡ. ಅಭ್ಯಾಸವಿಲ್ಲದ ಕೈಗೆ ಇವು ನೇರ ಇಳಿಯದೆ ಪಕ್ಕಕ್ಕೆ ಎಳೆಯುತ್ತವೆ. ಎಡಗೈಯವರಿಗೆ ಬೇರೆಯದೇ ಬೇಕು.

ಇನ್ನು ಉಕ್ಕು. ಶಿರೊಗಾಮಿ ಎಂದರೆ ಬಿಳಿ ಕಾಗದ, ಅಒಗಾಮಿ ಎಂದರೆ ನೀಲಿ ಕಾಗದ. ಉಕ್ಕಿನ ಬಣ್ಣವಲ್ಲ, ಅದಕ್ಕೆ ಸುತ್ತುವ ಕಾಗದದ ಬಣ್ಣ. ಎರಡೂ ಕಾರ್ಬನ್ ಉಕ್ಕು. ಬಿಳಿಯದು ಸಾಣೆಕಲ್ಲಿಗೆ ಬಲು ಬೇಗ ಒಲಿಯುತ್ತದೆ. ನೀಲಿಯದಕ್ಕೆ ಕ್ರೋಮಿಯಂ, ಟಂಗ್‌ಸ್ಟನ್ ಸೇರಿರುವುದರಿಂದ ಹರಿತ ಹೆಚ್ಚು ದಿನ ನಿಲ್ಲುತ್ತದೆ. ಎರಡೂ ತುಕ್ಕು ಹಿಡಿಯುತ್ತವೆ. ಈಳಿಗೆಮಣೆಯನ್ನು ಒರೆಸಿ ಒಣಗಿಸಿ ಇಡುವ ಮನೆಯವರಿಗೆ ಇದು ಹೊಸದೇನಲ್ಲ. ಈರುಳ್ಳಿ ಹೆಚ್ಚಿದಾಗ ಅಲಗಿಗೆ ಏರುವ ಬೂದು-ನೀಲಿ ಛಾಯೆ ಒಳ್ಳೆಯದೇ, ಉಜ್ಜಿ ತೆಗೆಯಬೇಡಿ. ಕಿತ್ತಳೆ ಬಣ್ಣದ್ದು ಮಾತ್ರ ತುಕ್ಕು. ನಿಂಬೆ, ಮಾವಿನಕಾಯಿ ಹೆಚ್ಚಿ ಹಾಗೇ ಬಿಟ್ಟು ಊಟಕ್ಕೆ ಕೂರುವ ಅಭ್ಯಾಸವಿದ್ದರೆ, ಅಥವಾ ಕರಾವಳಿ–ಮಲೆನಾಡಿನ ಮಳೆಗಾಲದ ತೇವದಲ್ಲಿ ಅಡುಗೆಮನೆ ಇದ್ದರೆ, ಸ್ಟೇನ್‌ಲೆಸ್ ಆರಿಸಿ: ವಿಜಿ-10, ಗಿನ್‌ಸಾನ್, ಎಯುಎಸ್-10. ಕಾರ್ಬನ್ ಉಕ್ಕಿನ ತಿರುಳಿಗೆ ಎರಡೂ ಬದಿ ಸ್ಟೇನ್‌ಲೆಸ್ ಹೊದಿಸಿದ ಚಾಕುಗಳೂ ಸಿಗುತ್ತವೆ. ಅದರಲ್ಲಿ ಬಾಯಿಯ ಒಂದು ಸಣ್ಣ ಪಟ್ಟಿಯನ್ನು ಕಾಪಾಡಿಕೊಂಡರೆ ಸಾಕು. ನಮ್ಮ ಮಟ್ಟಿಗೆ ಅತ್ಯಂತ ಜಾಣ ಆಯ್ಕೆ ಇದೇ.

ಪದರ ಪದರದ ಉಕ್ಕು ಅಲಗಿನ ಮೇಲೆ ಮೂಡಿಸುವ ಡಮಾಸ್ಕಸ್ ಅಲೆಗಳಿಗೆ ಮರುಳಾಗಬೇಡಿ. ಕತ್ತರಿಸುವುದು ನಡುವಿನ ತಿರುಳು. 67 ಪದರದ ಚಾಕುವಿನಲ್ಲೂ ಬಾಯಿಗೆ ಬರುವುದು ಆ ಒಂದೇ ಪದರ. ಅಗ್ಗದವುಗಳಲ್ಲಿ ಅಲೆಗಳನ್ನು ಲೇಸರ್‌ನಿಂದ ಮೇಲೆ ಬರೆದಿರುತ್ತಾರೆ. ನಿಜವಾದ ಪದರವಾದರೆ ತಿರುಳು ಮತ್ತು ಹೊದಿಕೆ ಸೇರುವ ಗೆರೆ ಬಾಯಿಗಿಂತ ತುಸು ಮೇಲೆ ಉದ್ದಕ್ಕೂ ಕಾಣುತ್ತದೆ. ತಿರುಳಿನ ಉಕ್ಕಿನ ಹೆಸರು ಹೇಳದೆ ಬರೀ ‘ಜಪಾನೀ ಉಕ್ಕು’ ಎಂದು ಬರೆದಿದ್ದರೆ ಬಿಟ್ಟುಬಿಡಿ. ಸಾಕಾಯಿ, ಸೆಕಿ, ಎಚಿಜೆನ್, ಸಾಂಜೊ, ತೊಸಾ ಜಪಾನಿನಲ್ಲಿ ಚಾಕುವಿಗೆ ಹೆಸರಾದ ಊರು, ಸೀಮೆಗಳು. ಸಾಕಾಯಿಯಲ್ಲಿ ಕಾಸಿ ಬಡಿಯುವವರು, ಮಸೆಯುವವರು, ಹಿಡಿ ಹಾಕುವವರು ಬೇರೆಬೇರೆ ಕುಶಲಿಗಳು. ಊರಿನ ಹೆಸರು ಇದ್ದ ಮಾತ್ರಕ್ಕೆ ಕೈಯಲ್ಲಿ ನೋಡುವುದು ತಪ್ಪದು.

ಕೈಗೆ ಸಿಕ್ಕಾಗ ಹೀಗೆ ಪರೀಕ್ಷಿಸಿ. ಚಾಕುವನ್ನು ಬೆಳಕಿನತ್ತ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಡಿಯ ಕಡೆಯಿಂದ ಮೊನೆಯವರೆಗೆ ಬೆನ್ನಿನ ಗೆರೆ ನೋಡಿ. ಹದ ಹಾಕುವಾಗ ಅಲಗು ತಿರುಚಿಕೊಂಡಿದ್ದರೆ ಇಲ್ಲೇ ಗೊತ್ತಾಗುತ್ತದೆ. ಆಮೇಲೆ ಹಿಡಿಯ ಬುಡದಲ್ಲಿ ಅಲಗು ಕೊನೆಯಾಗುವ ಜಾಗವನ್ನು ನಿಮ್ಮ ಮುಖಕ್ಕೆ ತಿರುಗಿಸಿ: ಬೆನ್ನಿನಿಂದ ಬಾಯಿಗೆ ಅಲಗು ಹೇಗೆ ತೆಳುವಾಗುತ್ತ ಬರುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಬಾಯಿಗೆ ಹತ್ತಿರವಾದರೂ ದಪ್ಪ ಉಳಿದು ಕೊನೆಯಲ್ಲಿ ಮಾತ್ರ ಗಕ್ಕನೆ ಚೂಪಾಗಿದ್ದರೆ ಅದೇ ಕ್ಯಾರೆಟ್ ಸೀಳುವ ಚಾಕು. ಬಾಯಿಯನ್ನು ಸಮತಟ್ಟಾದ ಮಣೆಯ ಮೇಲಿಟ್ಟು ಹಿಂದಿನಿಂದ ಬೆಳಕು ಬಿಡಿ. ನಾಕಿರಿಯ ನಡುವೆ ಬೆಳಕು ನುಸುಳಿದರೆ ಅಲ್ಲಿ ಹೆಚ್ಚು ಮಸೆದು ಗುಂಡಿಯಾಗಿದೆ, ಆ ಜಾಗದಲ್ಲಿ ಸೊಪ್ಪು ಪೂರ್ತಿ ತುಂಡಾಗದೆ ನಾರಿನಂತೆ ನೇತಾಡುತ್ತದೆ. ಕೊನೆಗೆ ಹೆಬ್ಬೆರಳು, ತೋರುಬೆರಳಿನಿಂದ ಅಲಗಿನ ಬುಡವನ್ನೇ ಚಿವುಟಿದಂತೆ ಹಿಡಿಯಿರಿ. ಬೆನ್ನಿನ ಅಂಚು ಉರುಟಾಗಿಲ್ಲದಿದ್ದರೆ ಎರಡು ಕೆಜಿ ಈರುಳ್ಳಿ ಹೆಚ್ಚುವಷ್ಟರಲ್ಲಿ ತೋರುಬೆರಳು ನೋಯುತ್ತದೆ. ಹಿಡಿ ಮತ್ತು ಅಲಗು ಸೇರುವಲ್ಲಿ ಸಂದಿಯಿದ್ದರೆ ನೀರು ಒಳಹೋಗಿ ಒಳಗಿನ ಉಕ್ಕು ಕಣ್ಣಿಗೆ ಕಾಣದೆ ತುಕ್ಕಾಗುತ್ತದೆ.

ಮುಕ್ಕಾಗುವುದು ಬಹುಪಾಲು ಬಳಸುವ ರೀತಿಯಿಂದ. ತೆಂಗಿನಕಾಯಿ, ಮೂಳೆ, ಫ್ರೀಜರಿನಿಂದ ತೆಗೆದದ್ದು, ಕುಂಬಳಕಾಯಿಯ ಗಟ್ಟಿ ತೊಟ್ಟು ಇವಕ್ಕೆ ಹಳೆಯ ಕತ್ತಿಯೇ ಇರಲಿ. ಗಟ್ಟಿ ಕಾಯಿಯಲ್ಲಿ ಸಿಕ್ಕಿಕೊಂಡಾಗ ತಿರುಚಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಹೆಚ್ಚಿದ್ದನ್ನು ಬಾಣಲೆಗೆ ಸರಿಸುವಾಗ ಚಾಕು ತಿರುಗಿಸಿ ಬೆನ್ನಿನಿಂದ ಸರಿಸಿ. ಗಾಜು, ಗ್ರಾನೈಟ್ ಮಣೆ ಸುತರಾಂ ಬೇಡ. ಮರ ಅಥವಾ ಮೆದು ಪ್ಲಾಸ್ಟಿಕ್ ಇರಲಿ. ಡಿಶ್‌ವಾಷರ್‌ಗೆ ಹಾಕಬೇಡಿ. ಎಳೆದು ಹರಿತ ಮಾಡುವ ಸಣ್ಣ ಯಂತ್ರಗಳು ಈ ಉಕ್ಕನ್ನು ಕೆರೆದು ಹಾಳುಮಾಡುತ್ತವೆ.

ಚಾಕುವಿನ ಜೊತೆಗೇ 1000 ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ಕಣದ ನುಣುಪಿನ ಅಂಕಿ) ಸಾಣೆಕಲ್ಲು ಕೊಳ್ಳಿ, ಅದಕ್ಕೂ ದುಡ್ಡು ಎತ್ತಿಟ್ಟುಕೊಳ್ಳಿ. ನೆನೆಸಬೇಕಾದ ಕಲ್ಲಾದರೆ ಗುಳ್ಳೆ ನಿಲ್ಲುವವರೆಗೆ ನೀರಲ್ಲಿಡಿ. 50 ಮಿ.ಮೀ. ಎತ್ತರದ ನಾಕಿರಿಗೆ 15 ಡಿಗ್ರಿ ಎಂದರೆ ಬೆನ್ನು ಕಲ್ಲಿನಿಂದ 13 ಮಿ.ಮೀ. ಮೇಲಿರಬೇಕು. ಒಂದು ಬದಿಯನ್ನು ಮಸೆಯುತ್ತ ಹೋದಂತೆ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ತರಿತರಿ ತಾಗುತ್ತದೆ. ಬೆರಳನ್ನು ಅಂಚಿನುದ್ದಕ್ಕೆ ಓಡಿಸದೆ, ಬೆನ್ನಿನಿಂದ ಬಾಯಿಯ ಹೊರಕ್ಕೆ ಜಾರಿಸಿ ನೋಡಿ. ಆ ತರಿ ಬುಡದಿಂದ ಮೊನೆಯವರೆಗೆ ಒಂದೇ ಸಮ ಸಿಗುವವರೆಗೂ ಬದಿ ಬದಲಿಸಬೇಡಿ.