ಮಳೆಗಾಲದಲ್ಲೂ ಗೋಬರ್ ಗ್ಯಾಸ್ ಉರಿಯಬೇಕೆಂದರೆ

ಆಷಾಢ ಹಿಡಿಯುತ್ತಿದ್ದ ಹಾಗೆ ಮಲೆನಾಡಿನಲ್ಲಿ ಗೋಬರ್ ಗ್ಯಾಸ್ ಕೈಕೊಡುತ್ತದೆ. ಎಲ್ಲರೂ ಚಳಿಯನ್ನು ದೂರುತ್ತಾರೆ. ಹೊಸನಗರದ ಕಡೆಯ ಮಳೆಯಲ್ಲಿ ಗುಂಡಿ ನಡೆಸಿ ನಾನು ಕಂಡುಕೊಂಡದ್ದು, ಚಳಿಗಿಂತ ಹೆಚ್ಚು ಕೆಡಿಸುವುದು ನೀರು.

ಜೈವಿಕ ಇಂಧನದಲ್ಲಿ ಹಲವು ಬಗೆ. ಕಬ್ಬಿನ ಕಾಕಂಬಿಯಿಂದ ಎಥನಾಲ್, ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಬರುತ್ತದೆ. ಅವಕ್ಕೆ ಕಾರ್ಖಾನೆ, ರಾಸಾಯನಿಕ ಬೇಕು. ಸಗಣಿ ಗ್ಯಾಸಿಗೆ ಗಾಳಿಯಾಡದ ಗುಂಡಿ ಸಾಕು, ಉಳಿದದ್ದನ್ನು ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವೆ. ಹುಟ್ಟುವ ಗ್ಯಾಸಿನಲ್ಲಿ ಶೇ. 55ರಿಂದ 60 ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್.

ನಮ್ಮದು ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿ, ಅಂದರೆ ನೆಲದೊಳಗೆ ಗುಮ್ಮಟದಂತೆ ಕಟ್ಟಿದ ಗುಂಡಿ. ದಿನಕ್ಕೆ 50 ಕಿಲೋ ಸಗಣಿ, 50 ಲೀಟರ್ ನೀರು. ಕಿಲೋ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಚೆನ್ನಾಗಿ ನಡೆದರೆ ದಿನಕ್ಕೆ ಮುಕ್ಕಾಲರಿಂದ ಒಂದು ಕಿಲೋ ಸಿಲಿಂಡರ್ ಗ್ಯಾಸಿನಷ್ಟು ಉರಿ. ಮೇಯಲು ಬಿಡುವ ಗಿಡ್ಡ ತಳಿಯ ದನಗಳ ಸಗಣಿ ರಾತ್ರಿಯದ್ದು ಮಾತ್ರ ಸಿಗುವುದರಿಂದ, ದನದ ತಲೆ ಎಣಿಸಿ ಗುಂಡಿಯ ಅಳತೆ ನಿರ್ಧರಿಸಬೇಡಿ. ಒಂದು ವಾರ ಸಗಣಿಯನ್ನು ತೂಗಿ ನೋಡಿ.

ಸಮ ಸಮ ನೀರು ಎಂಬ ಲೆಕ್ಕ ಬೇಸಿಗೆಯ ಸಗಣಿಗೆ ಸರಿ. ಮಳೆಗಾಲದಲ್ಲಿ ದನ ಹಸಿಹುಲ್ಲು ತಿಂದು ಹಾಕುವ ಸಗಣಿಯೇ ನೀರಾಗಿರುತ್ತದೆ. ಆಗ 50 ಕಿಲೋಗೆ 30 ಲೀಟರ್ ಮೀರುವಂತಿಲ್ಲ. ಕಲಸುವ ತೊಟ್ಟಿಗೆ ಕೈ ಅದ್ದಿ ಎತ್ತಿ ನೋಡಿ: ಬಗ್ಗಡ ಉದ್ದಿನ ದೋಸೆಯ ಹಿಟ್ಟಿನಂತೆ ಬೆರಳಿಗೆ ಅಂಟಿ ನಿಧಾನ ಇಳಿಯಬೇಕು. ನೀರುದೋಸೆಯ ಹಿಟ್ಟಿನಂತೆ ಸುರಿದುಹೋದರೆ ತೆಳುವಾಯಿತು.

ತೆಳುವಾದರೆ ಏನು ನಷ್ಟ? ಸಗಣಿ ಒಳಗೆ 40 ದಿನವಾದರೂ ಕೊಳೆಯಬೇಕು. ಕೊಟ್ಟಿಗೆ ತೊಳೆದ ನೀರು, ಸೂರಿನ ನೀರು ಸೇರಿ ದಿನಕ್ಕೆ ನೂರರ ಬದಲು 200 ಲೀಟರ್ ಗುಂಡಿಗೆ ಹೋದರೆ ಸಗಣಿ 20 ದಿನಕ್ಕೇ ಹೊರಬೀಳುತ್ತದೆ, ಗ್ಯಾಸು ಅದರೊಳಗೇ ಉಳಿದಿರುತ್ತದೆ. ಹೊರತೊಟ್ಟಿಯ ಬಗ್ಗಡ ಹಸಿ ಸಗಣಿಯ ವಾಸನೆ ಹೊಡೆಯುತ್ತ ಗುಳ್ಳೆ ಏಳುತ್ತಿದ್ದರೆ ಇದೇ ಕಾಯಿಲೆ. ಎರಡೂ ತೊಟ್ಟಿಗೆ ಮುಚ್ಚಳ ಹಾಕಿ, ಅಂಚನ್ನು ನೆಲದಿಂದ ಒಂದಡಿ ಎತ್ತರಿಸಿ, ಸುತ್ತ ಚರಂಡಿ ತೋಡಿ. ಫಿನಾಯಿಲ್ ಹಾಕಿ ತೊಳೆದ ನೀರಂತೂ ಒಳಗೆ ಹೋಗಲೇಬಾರದು. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಸಗಣಿಯನ್ನೂ ಕೆಲವು ದಿನ ಗೊಬ್ಬರದ ಗುಂಡಿಗೇ ಹಾಕಿ.

ಚಳಿಯ ಪಾಲೂ ಇದೆ. ಈ ಬ್ಯಾಕ್ಟೀರಿಯಾಗಳಿಗೆ 35 ಡಿಗ್ರಿ ಹಿತ, 20ರ ಕೆಳಗೆ ಜಡವಾಗುತ್ತವೆ. ಬೆಳಿಗ್ಗೆ ಬಚ್ಚಲ ಹಂಡೆಯ ನೀರು ಬೆರೆಸಿ, ಉಗುರುಬೆಚ್ಚಗೆ ಮಾಡಿ ಕಲಸಿದರೆ ವ್ಯತ್ಯಾಸ ಕಾಣುತ್ತದೆ. ಕುದಿನೀರು ಬೇಡ.

ನಮ್ಮಲ್ಲಿ ಕೊಟ್ಟಿಗೆಗೆ ಸೊಪ್ಪು ಹಾಸುತ್ತೇವಲ್ಲ, ಆ ಎಲೆ, ಕಡ್ಡಿ ಒಳಗೆ ಹೋದರೆ ತೇಲಿ ಕೆನೆಗಟ್ಟಿ ಗ್ಯಾಸ್ ಮೇಲೇಳದಂತೆ ತಡೆಯುತ್ತವೆ. ಕಲಸುವಾಗಲೇ ಆರಿಸಿ ತೆಗೆಯಬೇಕು. ಕೆನೆ ಒಡೆಯಲು ಒಳಹಾಕುವ ಪೈಪಿನಿಂದ ಉದ್ದನೆಯ ಬಿದಿರಿನ ಕೋಲು ಆಡಿಸಿ. ಯಾವ ಕಾರಣಕ್ಕೂ ಗುಂಡಿಯೊಳಗೆ ಇಳಿಯಬೇಡಿ, ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ.

ಒಲೆಯ ಉರಿ ಕುಣಿದು ಕುಣಿದು ಆರಿದರೆ ಪೈಪಿನಲ್ಲಿ ನೀರು ನಿಂತಿದೆ. ಗ್ಯಾಸಿನ ಜೊತೆ ಬಂದ ಆವಿ ತಣ್ಣಗಾಗಿ ತಗ್ಗಿನಲ್ಲಿ ಕೂರುತ್ತದೆ. ನೂರು ಅಡಿಗೆ ಒಂದಡಿ ಇಳಿಜಾರು ಕೊಟ್ಟು, ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯುವ ವಾಲ್ವ್ ಇಟ್ಟು, ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ತೆರೆಯುತ್ತೇನೆ. ತೆರೆಯುವಾಗ ಹತ್ತಿರ ಬೆಂಕಿ ಇರಬಾರದು. ಜೋಡಣೆಗಳ ಸೋರಿಕೆ ನೋಡಲು ಸೋಪಿನ ನೀರು, ಬೆಂಕಿಕಡ್ಡಿಯಲ್ಲ.

ಹೊರಬಂದ ಬಗ್ಗಡವನ್ನು ಜಡಿಮಳೆಯಲ್ಲಿ ಅಡಿಕೆ ತೋಟಕ್ಕೆ ಬಿಟ್ಟರೆ ಹಳ್ಳ ಸೇರುತ್ತದೆ. ಸೂರಿನಡಿ ಎರಡು ಗುಂಡಿ ಮಾಡಿ, ದರಗು (ಒಣ ಎಲೆ) ತುಂಬಿ, ಅದಕ್ಕೆ ಹೀರಿಸಿ ಇಟ್ಟರೆ ಮಳೆ ಬಿಟ್ಟ ಮೇಲೆ ಅಡಿಕೆ ಬುಡಕ್ಕೆ ಹಾಕಬಹುದು.